ಐರ್ಲೆಂಡ್ ಮಡಿ ಉಟ್ಟ ಕಥೆ, ಮಡಿ ಬಿಟ್ಟ ಕಥೆ

1983ರ ಸೆಪ್ಟೆಂಬರ್ 7ರಂದು ಐರ್ಲೆಂಡಿನ ಜನ ಓಟು ಹಾಕಿ ತಮ್ಮ ಸಂವಿಧಾನಕ್ಕೆ ಎಂಟನೇ ತಿದ್ದುಪಡಿ ಸೇರಿಸಿದರು. ತಾಯಿಯ ಜೀವಕ್ಕೆ ಎಷ್ಟು ಹಕ್ಕೋ ಹೊಟ್ಟೆಯಲ್ಲಿರುವ ಮಗುವಿನ ಜೀವಕ್ಕೂ ಅಷ್ಟೇ ಹಕ್ಕು ಎನ್ನುವುದು ಅದರ ಸಾರ. ಗರ್ಭಪಾತ ಅಲ್ಲಿ ಮೊದಲೇ ಅಪರಾಧ. ಮುಂದೆ ಯಾವ ಕೋರ್ಟೂ, ಯಾವ ಸರ್ಕಾರವೂ ಅದನ್ನು ಸಡಿಲ ಮಾಡದಿರಲಿ ಎಂದು ಹಾಕಿದ ಬೀಗ ಇದು. ಶೇ. 66.9 ಮಂದಿ ಇದಕ್ಕೆ ಹೌದು ಎಂದಿದ್ದರು. 2018ರ ಮೇ 25ರಂದು ಅದೇ ದೇಶ ಅದೇ ತಿದ್ದುಪಡಿಯನ್ನು ಕಿತ್ತುಹಾಕಿತು. ಕೀಳೋಣ ಎಂದವರು ಶೇ. 66.4.

ಎರಡು ಸಲವೂ ಮೂರರಲ್ಲಿ ಎರಡು ಪಾಲು ಜನ. ದಿಕ್ಕು ಮಾತ್ರ ಉಲ್ಟಾ. ನಡುವೆ ಬರೀ ಮೂವತ್ತೈದು ವರ್ಷ. 1983ರಲ್ಲಿ ಓಟು ಹಾಕಿದ ಎಷ್ಟೋ ಮಂದಿ 2018ರಲ್ಲೂ ಬದುಕಿದ್ದರು, ಓಟು ಹಾಕಿದರು.

ಪಶ್ಚಿಮದವರು ಗಂಡು ಹೆಣ್ಣಿನ ವಿಷಯದಲ್ಲಿ ಮೊದಲಿಂದಲೂ ಬಿಚ್ಚು, ನಾವು ಮೊದಲಿಂದಲೂ ಮಡಿವಂತರು ಎಂದು ನಮ್ಮಲ್ಲಿ ಸಲೀಸಾಗಿ ಹೇಳುತ್ತಾರೆ. ಐರ್ಲೆಂಡನ್ನು ನೋಡಿದರೆ ಈ ಮಾತು ನಿಲ್ಲುವುದಿಲ್ಲ. ಅಲ್ಲಿನ ಜನ 'ನಮ್ಮ ಪುರಾತನ ಸಂಪ್ರದಾಯ' ಎಂದು ನಂಬಿದ್ದ ಕಟ್ಟುನಿಟ್ಟು ನಿಜಕ್ಕೂ ಪುರಾತನದ್ದಲ್ಲ. ಅದರ ಬಹುಪಾಲು ಹತ್ತೊಂಬತ್ತನೇ ಶತಮಾನದ್ದು. ದೇವರಿಗಿಂತ ಜಾಸ್ತಿ ಅದು ಜಮೀನಿಗೆ ಸಂಬಂಧಪಟ್ಟದ್ದು ಎಂದು ನನಗನ್ನಿಸುತ್ತದೆ.

ಮೊದಲು ಹಳೇ ಕಾಲ ನೋಡೋಣ. ಕ್ರಿ.ಶ. 700ರ ಸುಮಾರಿಗೆ ಐರ್ಲೆಂಡಿನಲ್ಲಿ ಬ್ರೆಹನ್ ಕಾನೂನು ಎಂಬ ಆ ನಾಡಿನದೇ ಹಳೇ ಕಾನೂನು ನಡೆಯುತ್ತಿತ್ತು. ಗಂಡು ಹೆಣ್ಣು ಕೂಡಿ ಬಾಳುವುದರಲ್ಲಿ ಹಲವು ಬಗೆಗಳನ್ನು ಅದು ಪಟ್ಟಿ ಮಾಡಿತ್ತು. ಯಾರ ಆಸ್ತಿ ಎಷ್ಟು ಸೇರಿದೆ ಎನ್ನುವುದರ ಮೇಲೆ ಹಕ್ಕುಗಳು ನಿಂತಿದ್ದವು. ಹೆಂಡತಿ ಗಂಡನನ್ನು ಬಿಡಬಹುದಿತ್ತು. ಗಂಡನಿಗೆ ಗಂಡಸುತನ ಇಲ್ಲದಿದ್ದರೆ, ಗುರುತು ಉಳಿಯುವ ಹಾಗೆ ಹೊಡೆದಿದ್ದರೆ, ಹಾಸಿಗೆಯ ಗುಟ್ಟನ್ನು ಊರಲ್ಲೆಲ್ಲ ಹೇಳಿಕೊಂಡು ತಿರುಗಿದರೆ, ಅವಳು ತನ್ನ ಪಾಲು ತೆಗೆದುಕೊಂಡು ಹೊರಡಬಹುದು. ಕ್ರೈಸ್ತ ಪಾದ್ರಿಗಳಿಗೆ ಇದು ಹಿಡಿಸುತ್ತಿರಲಿಲ್ಲ. ಆದರೂ ಇಂಗ್ಲಿಷರು ಪೂರ್ತಿ ಹಿಡಿತ ಸಾಧಿಸುವ ತನಕ, ಅಂದರೆ ಹದಿನೇಳನೇ ಶತಮಾನದ ಆರಂಭದವರೆಗೂ, ಈ ಪದ್ಧತಿ ಅಲ್ಲಲ್ಲಿ ಉಳಿದುಕೊಂಡಿತ್ತು.

ಹಾಗಂತ ಐರ್ಲೆಂಡ್ ಪಾಪದ ಲೆಕ್ಕ ಇಡದ ನಾಡೇನೂ ಅಲ್ಲ. ಆ ಲೆಕ್ಕದ ಪುಸ್ತಕಗಳು ಬೆಳೆದದ್ದೇ ಅಲ್ಲಿನ ಮಠಗಳಲ್ಲಿ. ಆರನೇ ಶತಮಾನದಿಂದ ಐರಿಷ್ ಸನ್ಯಾಸಿಗಳು ಯಾವ ಪಾಪಕ್ಕೆ ಎಷ್ಟು ದಿನ ಬ್ರೆಡ್ಡು ನೀರಿನ ಉಪವಾಸ ಎಂದು ಪಟ್ಟಿ ಬರೆದಿಟ್ಟರು. ಅದರಲ್ಲಿ ಕಾಮದ ಪಾಪಗಳಿಗೇ ದೊಡ್ಡ ಪಾಲು. ಒಬ್ಬನೇ ಪಾದ್ರಿಯ ಮುಂದೆ ಗುಟ್ಟಾಗಿ ತಪ್ಪೊಪ್ಪಿಕೊಳ್ಳುವ ಪದ್ಧತಿಯನ್ನು ಕೊಲಂಬಾನಸ್‌ನಂಥ ಸನ್ಯಾಸಿಗಳು ಯುರೋಪಿಗೆ ಒಯ್ದರು. 1215ರಲ್ಲಿ ರೋಮ್‌ನ ಮಹಾಸಭೆ ವರ್ಷಕ್ಕೊಮ್ಮೆಯಾದರೂ ತಪ್ಪೊಪ್ಪಿಗೆ ಕಡ್ಡಾಯ ಎಂದಿತು. ಆದರೆ ಪಾಪದ ಪುಸ್ತಕ ಮಠದಲ್ಲಿ ಇರುವುದು ಬೇರೆ, ಇಡೀ ಊರು ಅದರಂತೆ ನಡೆಯುವುದು ಬೇರೆ ಅಲ್ವಾ? ಊರು ಪುಸ್ತಕದಂತೆ ನಡೆಯಲು ಶುರುಮಾಡಿದ್ದು ಬಹಳ ತಡವಾಗಿ. ಅದಕ್ಕೆ ಕಾರಣ ಬರಗಾಲ.

ಕ್ಷಾಮಕ್ಕೆ ಮೊದಲು ಐರ್ಲೆಂಡಿನ ಬಡವರು ಆಲೂಗಡ್ಡೆ ತಿಂದು ಬದುಕುತ್ತಿದ್ದರು. ತುಂಡು ಭೂಮಿಯಲ್ಲೂ ಒಂದು ಸಂಸಾರಕ್ಕಾಗುವಷ್ಟು ಆಲೂಗಡ್ಡೆ ಬೆಳೆಯುತ್ತಿತ್ತು. ಹಾಗಾಗಿ ಅಪ್ಪ ಇದ್ದ ಗೇಣಿ ಭೂಮಿಯನ್ನೇ ಮಕ್ಕಳಿಗೆ ಹಂಚುತ್ತಿದ್ದ. ಮಕ್ಕಳು ಬೇಗ ಮದುವೆ ಆಗುತ್ತಿದ್ದರು. ಎಲ್ಲರೂ ಭಾನುವಾರ ತಪ್ಪದೆ ಚರ್ಚಿಗೆ ಹೋಗುತ್ತಿದ್ದರು ಎನ್ನುವುದೂ ಸುಳ್ಳು. ಜನ ಹೆಚ್ಚು, ಪಾದ್ರಿಗಳು ಕಡಿಮೆ. ಪವಿತ್ರ ಬಾವಿ, ಜಾತ್ರೆ, ಸಾವಿನ ಮನೆಯಲ್ಲಿ ರಾತ್ರಿಯಿಡೀ ಕುಡಿತ, ಆಟ, ಹೀಗೆ ನಡೆಯುತ್ತಿತ್ತು ಧರ್ಮ.

1845ರಿಂದ ಆಲೂಗಡ್ಡೆಗೆ ರೋಗ ಬಿತ್ತು. ಹತ್ತು ಲಕ್ಷದಷ್ಟು ಜನ ಸತ್ತರು. ಅದಕ್ಕಿಂತ ಹೆಚ್ಚು ಮಂದಿ ಹಡಗು ಹತ್ತಿದರು. 1841ರಲ್ಲಿ 82 ಲಕ್ಷ ಇದ್ದ ಜನಸಂಖ್ಯೆ 1901ಕ್ಕೆ ಸುಮಾರು 45 ಲಕ್ಷಕ್ಕೆ ಇಳಿಯಿತು. ಸತ್ತವರೂ ಹೋದವರೂ ಹೆಚ್ಚಾಗಿ ಕೂಲಿಯವರು, ತುಂಡು ಭೂಮಿಯವರು. ಉಳಿದವರು ಸ್ವಲ್ಪ ಜಮೀನಿದ್ದ ರೈತರು. ಅವರು ಕಲಿತ ಪಾಠ ಒಂದೇ: ಜಮೀನು ಹಂಚಬೇಡ.

ಇಲ್ಲಿಂದ ಉಳಿದದ್ದೆಲ್ಲ ಹುಟ್ಟಿಕೊಳ್ಳುತ್ತದೆ. ಜಮೀನು ಒಬ್ಬ ಮಗನಿಗೆ ಮಾತ್ರ. ಅಪ್ಪ ಬಿಟ್ಟುಕೊಡುವ ತನಕ ಅವನು ಕಾಯಬೇಕು, ಆದ್ದರಿಂದ ಗಂಡಸರು ಮದುವೆ ಆಗುವ ಹೊತ್ತಿಗೆ ಮೂವತ್ತು ದಾಟಿರುತ್ತಿತ್ತು. ಮದುವೆಗೆ ದಲ್ಲಾಳಿ, ಮಾತುಕತೆ, ಹೆಣ್ಣಿನ ಕಡೆಯಿಂದ ವರದಕ್ಷಿಣೆ. ಸೊಸೆ ತಂದ ಆ ದುಡ್ಡಿನಲ್ಲೇ ಎಷ್ಟೋ ಸಲ ಮನೆಯ ಮಗಳ ಮದುವೆ. ಇದೆಲ್ಲ ನಮಗೆ ವಿವರಿಸಬೇಕಾದ ವಿಷಯವೇ ಅಲ್ಲ ಬಿಡಿ. ಉಳಿದ ಮಕ್ಕಳಿಗೆ ಅಮೆರಿಕದ ಹಡಗು, ಇಲ್ಲವೇ ಕಾನ್ವೆಂಟು, ಇಲ್ಲವೇ ಅಣ್ಣನ ಮನೆಯಲ್ಲಿ ಮದುವೆಯಿಲ್ಲದ ದುಡಿಮೆ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ನಡುವಯಸ್ಸು ದಾಟಿದವರಲ್ಲಿ ಸುಮಾರು ಕಾಲು ಭಾಗ ಮದುವೆಯನ್ನೇ ಆಗಿರಲಿಲ್ಲ.

ಇಂಥ ಮನೆಯಲ್ಲಿ ಮದುವೆಗೆ ಮುಂಚೆ ಮಗಳು ಬಸಿರಾದರೆ ಏನಾಗುತ್ತದೆ? ಸಂಬಂಧ ಮುರಿಯುತ್ತದೆ. ವರದಕ್ಷಿಣೆಯ ಲೆಕ್ಕ ತಪ್ಪುತ್ತದೆ. ಮಗ ಯಾರನ್ನೋ ಪ್ರೀತಿಸಿ ಮದುವೆಯಾದರೆ ಜಮೀನಿಗೆ ಬೇರೆ ಹಕ್ಕುದಾರರು ಬರುತ್ತಾರೆ. ಹಾಗಾಗಿ ಹುಡುಗ ಹುಡುಗಿಯರನ್ನು ದೂರ ಇಡುವುದು ಆ ಮನೆಗೆ ಹೊಟ್ಟೆಪಾಡಿನ ವಿಷಯ. ಅದಕ್ಕೆ ಬೇಕಾದ ಮಾತನ್ನು, ಶಿಸ್ತನ್ನು, ಹೆದರಿಕೆಯನ್ನು ಚರ್ಚ್ ಒದಗಿಸಿತು. ಅದೇ ಹೊತ್ತಿಗೆ ಪಾಲ್ ಕಲೆನ್ ಎಂಬ ಆರ್ಚ್‌ಬಿಷಪ್ ರೋಮ್‌ನಿಂದ ಬಂದು ಚರ್ಚನ್ನು ಬಿಗಿಯಾಗಿ ಕಟ್ಟಿದರು. ಜನಸಂಖ್ಯೆ ಇಳಿಯುತ್ತಿದ್ದರೆ ಪಾದ್ರಿಗಳ, ಸನ್ಯಾಸಿನಿಯರ ಸಂಖ್ಯೆ ಏರುತ್ತಿತ್ತು. ಈ ಪಾದ್ರಿಗಳು ಎಲ್ಲಿಂದ ಬಂದವರು? ಅದೇ ಜಮೀನುದಾರ ರೈತರ ಮನೆಯ, ಜಮೀನು ಸಿಗದ ಮಕ್ಕಳು. ಪ್ರವಚನ ಕೊಡುವವರೂ ಕೇಳುವವರೂ ಒಂದೇ ಮನೆಯವರು.

ಕಾನೂನು ಮಾತ್ರ ಲಂಡನ್ನಿನದು. 1861ರ ಬ್ರಿಟಿಷ್ ಕಾಯ್ದೆ ಗರ್ಭಪಾತಕ್ಕೆ ಜೀವಾವಧಿ ಶಿಕ್ಷೆ ಇಟ್ಟಿತು. ಗಂಡು ಗಂಡಿನ ಸಂಬಂಧಕ್ಕೂ ಅಷ್ಟೇ. ಒಂದು ವರ್ಷ ಮೊದಲು ಅದೇ ಬ್ರಿಟಿಷರು ನಮಗೆ ದಂಡ ಸಂಹಿತೆ ಬರೆದುಕೊಟ್ಟಿದ್ದರು, 377ನೇ ಸೆಕ್ಷನ್ ಸಮೇತ. 1922ರಲ್ಲಿ ಐರ್ಲೆಂಡ್ ಬ್ರಿಟಿಷರಿಂದ ಬಿಡಿಸಿಕೊಂಡಿತು. ಆದರೆ ಆ ಕಾನೂನುಗಳನ್ನು ಬಿಡಲಿಲ್ಲ. ಬಿಡುವುದಿರಲಿ, ಮೇಲಿಂದ ಮೇಲೆ ಇನ್ನಷ್ಟು ಸೇರಿಸಿತು. ಇಂಗ್ಲೆಂಡ್ ಕೊಳಕು, ನಾವು ಶುದ್ಧ ಎಂದು ತೋರಿಸಿಕೊಳ್ಳುವ ಹಟ ಹೊಸ ದೇಶಕ್ಕೆ. 1929ರಲ್ಲಿ ಸೆನ್ಸಾರ್ ಕಾಯ್ದೆ ಬಂತು. ಸಂತಾನ ನಿಯಂತ್ರಣದ ಬಗ್ಗೆ ಬರೆದ ಪುಸ್ತಕ ಕೂಡ ನಿಷೇಧ. 1935ರಲ್ಲಿ ಗರ್ಭನಿರೋಧಕಗಳ ಮಾರಾಟ, ಆಮದು ಎರಡೂ ಅಪರಾಧವಾದವು. ಅದೇ ವರ್ಷ ಡಾನ್ಸ್ ಹಾಲ್‌ಗಳಿಗೂ ಲೈಸೆನ್ಸು. ಅದಕ್ಕೆ ಐದು ವರ್ಷ ಮೊದಲು, 1930ರಲ್ಲಿ, ನಮ್ಮ ಮೈಸೂರು ಸಂಸ್ಥಾನ ಸರ್ಕಾರಿ ಆಸ್ಪತ್ರೆಗಳಲ್ಲೇ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಆದೇಶ ಕೊಟ್ಟಿತ್ತು ಎನ್ನುವುದನ್ನು ಇಲ್ಲಿ ನೆನಪಿಸಿಕೊಳ್ಳಬಹುದು. ಸರ್ಕಾರವೇ ನಡೆಸಿದ ಇಂಥ ಕ್ಲಿನಿಕ್‌ಗಳಲ್ಲಿ ಜಗತ್ತಿಗೇ ಮೊದಲನೆಯದು ಎಂದು ಅದನ್ನು ಹೇಳುತ್ತಾರೆ.

1937ರ ಸಂವಿಧಾನ ವಿಚ್ಛೇದನವನ್ನು ನಿಷೇಧಿಸಿತು. ಮನೆಯೊಳಗೆ ಬಾಳುವುದರಿಂದಲೇ ಹೆಣ್ಣು ದೇಶಕ್ಕೆ ಆಸರೆ ಆಗುತ್ತಾಳೆ ಎಂಬ ಅರ್ಥದ ಮಾತನ್ನೂ ಬರೆಯಿತು. ಸರ್ಕಾರಿ ಕೆಲಸದಲ್ಲಿದ್ದ ಹೆಣ್ಣುಮಕ್ಕಳು ಮದುವೆಯಾದ ದಿನ ರಾಜೀನಾಮೆ ಕೊಡಬೇಕಿತ್ತು. ಈ ನಿಯಮ 1973ರವರೆಗೂ ಇತ್ತು.

ನಿಯಮ ತಪ್ಪಿದವರು ಎಲ್ಲಿಗೆ ಹೋಗುತ್ತಿದ್ದರು ಎಂಬುದನ್ನು ಬಹಳ ಕಾಲ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಮದುವೆಯಿಲ್ಲದೆ ಬಸಿರಾದ ಹುಡುಗಿಯರನ್ನು 'ತಾಯಿ ಮಗು ಗೃಹ'ಗಳಿಗೆ ಸೇರಿಸುತ್ತಿದ್ದರು. ಮಗು ಹುಟ್ಟಿದ ಮೇಲೆ ಎಷ್ಟೋ ಸಲ ಅದನ್ನು ದತ್ತು ಕೊಟ್ಟುಬಿಡುತ್ತಿದ್ದರು. 2021ರ ಸರ್ಕಾರಿ ವರದಿಯ ಪ್ರಕಾರ ವಿಚಾರಣೆಗೆ ಒಳಪಟ್ಟ ಇಂಥ ಗೃಹಗಳಲ್ಲಿ ಸುಮಾರು 56,000 ತಾಯಂದಿರು ಇದ್ದರು, ಸುಮಾರು 9,000 ಮಕ್ಕಳು ಸತ್ತವು. ಟ್ಯೂಮ್ ಎಂಬ ಊರಿನ ಗೃಹದಲ್ಲಿ ಸತ್ತ 796 ಮಕ್ಕಳ ಮರಣ ದಾಖಲೆಗಳನ್ನು ಹುಡುಕಿ ತೆಗೆದವರು ಕ್ಯಾಥರೀನ್ ಕೊರ್ಲೆಸ್ ಎಂಬ ಸ್ಥಳೀಯ ಇತಿಹಾಸಕಾರ್ತಿ. ಇನ್ನು ಸನ್ಯಾಸಿನಿಯರು ನಡೆಸುತ್ತಿದ್ದ ಮ್ಯಾಗ್ಡಲೀನ್ ಲಾಂಡ್ರಿಗಳಿದ್ದವು. 1922ರಿಂದೀಚೆಗೆ ಸುಮಾರು 10,000 ಹೆಣ್ಣುಮಕ್ಕಳು ಅಲ್ಲಿ ಸಂಬಳವಿಲ್ಲದೆ ಬಟ್ಟೆ ಒಗೆದರು. ಹೋಟೆಲ್ಲು, ಆಸ್ಪತ್ರೆ, ಸರ್ಕಾರಿ ಇಲಾಖೆ, ಎಲ್ಲ ಕಡೆಯ ಬಟ್ಟೆಯೂ ಅಲ್ಲಿಗೇ ಬರುತ್ತಿತ್ತು. ಕೊನೆಯ ಲಾಂಡ್ರಿ ಮುಚ್ಚಿದ್ದು 1996ರಲ್ಲಿ. ಅಂದರೆ ಇದನ್ನು ಓದುತ್ತಿರುವ ಬಹಳಷ್ಟು ಮಂದಿ ಆಗ ಹುಟ್ಟಿದ್ದರು.

ಬಿರುಕು ಬಿಟ್ಟಿದ್ದು ಟಿವಿಯಿಂದ. 1962ರಲ್ಲಿ ಗೇ ಬರ್ನ್ ಎಂಬ ನಿರೂಪಕ ರಾತ್ರಿಯ ಹರಟೆ ಕಾರ್ಯಕ್ರಮ ಶುರುಮಾಡಿದರು. 1966ರಲ್ಲಿ ಒಂದು ದಿನ ಗಂಡ ಹೆಂಡತಿಯರನ್ನು ಬೇರೆಬೇರೆ ಕೂರಿಸಿ ಒಂದೇ ಪ್ರಶ್ನೆ ಕೇಳುವ ಆಟ ನಡೆಯಿತು. ಮದುವೆಯಾದ ಮೊದಲ ರಾತ್ರಿ ಹಾಕಿದ್ದ ನೈಟಿಯ ಬಣ್ಣ ಯಾವುದು? ಒಬ್ಬ ಹೆಂಗಸು ನಗುತ್ತಾ, ಬಹುಶಃ ಹಾಕಿಯೇ ಇರಲಿಲ್ಲವೇನೋ ಅಂದರು. ಸ್ಟುಡಿಯೋದಲ್ಲಿ ಎಲ್ಲರೂ ನಕ್ಕರು. ಮರುದಿನ ಕ್ಲಾನ್‌ಫರ್ಟ್‌ನ ಬಿಷಪ್ ಚರ್ಚಿನಲ್ಲಿ ಈ ಕಾರ್ಯಕ್ರಮವನ್ನು ಖಂಡಿಸಿ ಪ್ರವಚನ ಕೊಟ್ಟರು. ಪತ್ರಿಕೆಗಳು ದಿನಗಟ್ಟಲೆ ಇದನ್ನೇ ಬರೆದವು. ಟಿವಿ ಬರುವ ಮುಂಚೆ ಐರ್ಲೆಂಡಿನಲ್ಲಿ ಸೆಕ್ಸ್ ಇರಲಿಲ್ಲ ಎಂದು ಒಬ್ಬ ರಾಜಕಾರಣಿ ಹೇಳಿದ್ದು ಈಗಲೂ ಅಲ್ಲಿ ಪ್ರಸಿದ್ಧ ಜೋಕು. ಅವರು ಜೋಕಾಗಿ ಹೇಳಿರಲಿಲ್ಲ.

ಆ ಹೊತ್ತಿಗೆ ಗರ್ಭನಿರೋಧಕ ಮಾತ್ರೆ ಬಂದಿತ್ತು. ಕಾನೂನಿನಲ್ಲಿ ಅದಕ್ಕೆ ಜಾಗವಿಲ್ಲ. ಆದರೆ 'ಮುಟ್ಟು ಸರಿಪಡಿಸುವ ಔಷಧ' ಎಂದು ಡಾಕ್ಟರು ಬರೆದುಕೊಡಬಹುದಿತ್ತು. ಸಾವಿರಾರು ಹೆಂಗಸರ ಮುಟ್ಟು ಇದ್ದಕ್ಕಿದ್ದ ಹಾಗೆ ಏರುಪೇರಾಯಿತು! ದುಡ್ಡಿದ್ದವರಿಗೆ, ತಿಳಿದ ಡಾಕ್ಟರಿದ್ದವರಿಗೆ ದಾರಿ ಸಿಕ್ಕಿತು. ಉಳಿದವರಿಗೆ ಇಲ್ಲ.

1971ರ ಮೇ 22ರಂದು ಡಬ್ಲಿನ್ನಿನ ಮಹಿಳಾ ಹೋರಾಟಗಾರ್ತಿಯರು ರೈಲು ಹತ್ತಿ ಬೆಲ್‌ಫಾಸ್ಟ್‌ಗೆ ಹೋದರು. ಅದು ಬ್ರಿಟನ್ನಿಗೆ ಸೇರಿದ ಊರು, ಅಲ್ಲಿ ಎಲ್ಲ ಸಿಗುತ್ತದೆ. ಕಾಂಡೋಮ್ ಕೊಂಡರು. ಮಾತ್ರೆ ಕೇಳಿದರೆ ಅಂಗಡಿಯವರು ಡಾಕ್ಟರ ಚೀಟಿ ಕೇಳಿದರು. ಈಗೇನು ಮಾಡುವುದು? ಆಸ್ಪಿರಿನ್ ಕೊಂಡರು. ಡಬ್ಲಿನ್ನಿನ ಕಾನಲಿ ನಿಲ್ದಾಣದಲ್ಲಿ ಇಳಿದು, ಕ್ಯಾಮೆರಾಗಳ ಮುಂದೆ ಅದನ್ನೇ ಗರ್ಭನಿರೋಧಕ ಮಾತ್ರೆ ಎಂದು ಎತ್ತಿ ತೋರಿಸಿ, ಹಿಡಿಯಿರಿ ನೋಡೋಣ ಎಂದು ಕಸ್ಟಮ್ಸ್‌ನವರಿಗೆ ಸವಾಲು ಹಾಕಿದರು. ಕಸ್ಟಮ್ಸ್‌ನವರು ಸುಮ್ನೆ ಬಿಟ್ಟುಬಿಟ್ಟರು. ಜಾರಿ ಮಾಡುವವರಿಗೇ ನಾಚಿಕೆಯಾಗುವ ಕಾನೂನು ಹೆಚ್ಚು ದಿನ ಬಾಳುವುದು ಕಷ್ಟ.

ಗಂಭೀರ ಹೊಡೆತ ಕೊಟ್ಟವರು ಮೇರಿ ಮೆಗೀ. ನಾಲ್ಕು ಮಕ್ಕಳ ತಾಯಿ, ಮೀನುಗಾರನ ಹೆಂಡತಿ. ಇನ್ನೊಂದು ಬಸಿರಾದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಹೇಳಿದ್ದರು. ಇಂಗ್ಲೆಂಡಿನಿಂದ ತರಿಸಿದ ಗರ್ಭನಿರೋಧಕವನ್ನು ಕಸ್ಟಮ್ಸ್ ಜಪ್ತಿ ಮಾಡಿತು. ಅವರು ಕೋರ್ಟಿಗೆ ಹೋದರು. ಗಂಡ ಹೆಂಡತಿಯ ನಡುವಿನ ಈ ತೀರ್ಮಾನದಲ್ಲಿ ಸರ್ಕಾರ ಮೂಗು ತೂರಿಸುವಂತಿಲ್ಲ ಎಂದು 1973ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸರ್ಕಾರ ಆರು ವರ್ಷ ಎಳೆದು, ಗರ್ಭನಿರೋಧಕ ಕೊಳ್ಳಬಹುದು ಆದರೆ ಡಾಕ್ಟರ ಚೀಟಿ ಬೇಕು ಎಂಬ ಕಾಯ್ದೆ ಮಾಡಿತು. ಹೌದು, ಕಾಂಡೋಮ್‌ಗೂ ಚೀಟಿ. ಹದಿನೆಂಟು ದಾಟಿದವರು ಚೀಟಿ ಇಲ್ಲದೆ ಕಾಂಡೋಮ್ ಕೊಳ್ಳುವಂತಾದದ್ದು 1985ರಲ್ಲಿ.

ಹೀಗೆ ಸಡಿಲವಾಗುತ್ತಿದ್ದ ದೇಶ 1983ರಲ್ಲಿ ಹಿಂದಕ್ಕೆ ಹೊರಳಿದ್ದು ಏಕೆ? ಕಾರಣ ಇದೇ ಮೆಗೀ ತೀರ್ಪು. ಖಾಸಗಿತನದ ಇದೇ ವಾದ ಹಿಡಿದು ಅಮೆರಿಕದ ಸುಪ್ರೀಂ ಕೋರ್ಟ್ 1973ರಲ್ಲೇ ಗರ್ಭಪಾತವನ್ನು ಹಕ್ಕು ಎಂದಿತ್ತು. ನಾಳೆ ಇಲ್ಲೂ ಹಾಗಾದರೆ ಎಂದು ಹೆದರಿದವರು ಸಂವಿಧಾನಕ್ಕೇ ಕೈಹಾಕಿದರು. 1979ರಲ್ಲಿ ಪೋಪ್ ಬಂದಾಗ ಡಬ್ಲಿನ್ನಿನ ಫೀನಿಕ್ಸ್ ಪಾರ್ಕ್‌ನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. ದೇಶದ ಜನಸಂಖ್ಯೆಯೇ ಆಗ ಸುಮಾರು 34 ಲಕ್ಷ. ಚರ್ಚಿನ ಬಲ ಕುಗ್ಗುತ್ತಿದೆ ಎಂದು ಅವತ್ತು ಯಾರೂ ಹೇಳುತ್ತಿರಲಿಲ್ಲ.

ತಿದ್ದುಪಡಿ ಬಂದ ಐದೇ ತಿಂಗಳಿಗೆ, 1984ರ ಜನವರಿ 31ರಂದು, ಗ್ರಾನಾರ್ಡ್ ಎಂಬ ಸಣ್ಣ ಊರಿನಲ್ಲಿ ಹದಿನೈದು ವರ್ಷದ ಶಾಲಾ ಹುಡುಗಿ ಮೇರಿ ಮಾತೆಯ ವಿಗ್ರಹದ ಗವಿಯ ಹತ್ತಿರ ಒಬ್ಬಳೇ ಹೆತ್ತಳು. ಮಗುವೂ ಉಳಿಯಲಿಲ್ಲ, ಅವಳೂ ಉಳಿಯಲಿಲ್ಲ. ಇದರ ಮೇಲೆ ಗೇ ಬರ್ನ್ ಅವರ ರೇಡಿಯೋ ಕಾರ್ಯಕ್ರಮಕ್ಕೆ ರಾಶಿ ರಾಶಿ ಕಾಗದ ಬಂದವು. ನನಗೂ ಹೀಗಾಗಿತ್ತು, ಯಾರಿಗೂ ಹೇಳಿರಲಿಲ್ಲ ಎಂದು ಮುದುಕಿಯರು ಕೂಡ ಬರೆದಿದ್ದರು. ಕಾರ್ಯಕ್ರಮ ಅವನ್ನು ಒಂದಾದ ಮೇಲೊಂದು ಓದಿತು. ಈ ದೇಶದ ಮನಸ್ಸು ತಿರುಗಿದ್ದು ಯಾವಾಗ ಎಂದು ಯಾರಾದರೂ ಕೇಳಿದರೆ ನಾನು ಈ ಕಾಗದಗಳನ್ನು ತೋರಿಸುತ್ತೇನೆ. ತೀರ್ಪುಗಳು ಕಾನೂನು ಬದಲಿಸಿದವು. 'ನಮ್ಮಲ್ಲಿ ಹಾಗೆಲ್ಲ ಇಲ್ಲ' ಎಂಬ ಸುಳ್ಳನ್ನು ಮುರಿದದ್ದು ಇಂಥ ಮಾತುಗಳು.

1990ರ ದಶಕದಲ್ಲಿ ಒಂದರ ಮೇಲೊಂದು ಬಿತ್ತು. ಸಲಿಂಗಿಗಳ ಮೇಲಿನ ಬ್ರಿಟಿಷ್ ಕಾನೂನಿನ ವಿರುದ್ಧ ಡೇವಿಡ್ ನಾರಿಸ್ ಎಂಬ ಕಾಲೇಜು ಮೇಷ್ಟ್ರು ತಮ್ಮ ದೇಶದ ಕೋರ್ಟುಗಳಲ್ಲಿ ಸೋತು, 1988ರಲ್ಲಿ ಯುರೋಪಿನ ಮಾನವ ಹಕ್ಕುಗಳ ಕೋರ್ಟಿನಲ್ಲಿ ಗೆದ್ದಿದ್ದರು. 1993ರಲ್ಲಿ ಕಾನೂನು ಹೋಯಿತು. ನಮ್ಮಲ್ಲಿ ಅದರ ದಾಯಾದಿ 377 ಬಿದ್ದದ್ದು 2018ರ ಸೆಪ್ಟೆಂಬರ್ 6ರಂದು. 1992ರಲ್ಲಿ ಅತ್ಯಾಚಾರಕ್ಕೆ ಒಳಗಾಗಿ ಬಸಿರಾದ ಹದಿನಾಲ್ಕರ ಹುಡುಗಿ ಇಂಗ್ಲೆಂಡಿಗೆ ಹೋಗದಂತೆ ಸರ್ಕಾರ ಹೈಕೋರ್ಟಿನಿಂದ ತಡೆ ತಂದಿತು. ಜನ ಬೀದಿಗಿಳಿದರು, ಸುಪ್ರೀಂ ಕೋರ್ಟ್ ತಡೆ ತೆಗೆಯಿತು. ಅದೇ ವರ್ಷ ಜನಪ್ರಿಯ ಬಿಷಪ್ ಈಮನ್ ಕೇಸಿಗೆ ಅಮೆರಿಕದಲ್ಲಿ ಒಬ್ಬ ಮಗನಿದ್ದಾನೆ ಎನ್ನುವುದು ಬಯಲಾಯಿತು. ಇದನ್ನಾದರೂ ಜನ ಕ್ಷಮಿಸುತ್ತಿದ್ದರೇನೋ. ಪಾದ್ರಿಗಳು ಮಕ್ಕಳ ಮೇಲೆ ನಡೆಸಿದ ಲೈಂಗಿಕ ದೌರ್ಜನ್ಯ, ಅದನ್ನು ಬಿಷಪ್‌ಗಳು ಮುಚ್ಚಿಟ್ಟ ರೀತಿ 2009ರ ಎರಡು ಸರ್ಕಾರಿ ವರದಿಗಳಲ್ಲಿ ಹೊರಬಿದ್ದಾಗ ಕ್ಷಮೆಯ ಮಾತೇ ಉಳಿಯಲಿಲ್ಲ.

ವಿಚ್ಛೇದನದ ಕಥೆ ಸ್ವಲ್ಪ ಬೇರೆ. 1986ರಲ್ಲಿ ಜನ ಬೇಡ ಎಂದರು. 1995ರಲ್ಲಿ ಬೇಕು ಎಂದವರು ಶೇ. 50.28, ಅಂತರ ಬರೀ 9,114 ಓಟು. ಬೇಡ ಎನ್ನುವವರ ಪ್ರಚಾರದಲ್ಲಿ ದೇವರ ಜೊತೆ ಇನ್ನೊಂದು ಹೆದರಿಕೆಯೂ ಇತ್ತು: ಎರಡನೇ ಹೆಂಡತಿ ಬಂದರೆ ಜಮೀನು ಯಾರಿಗೆ?

ಇನ್ನು ಸವಿತಾ ಹಾಲಪ್ಪನವರ್. ಹುಟ್ಟಿದ್ದು ಬಾಗಲಕೋಟೆ, ಬೆಳೆದದ್ದು ಬೆಳಗಾವಿ, ಓದಿದ್ದು ದಂತವೈದ್ಯಕೀಯ. 2012ರ ಅಕ್ಟೋಬರ್‌ನಲ್ಲಿ ಐರ್ಲೆಂಡಿನ ಗಾಲ್ವೇ ಊರಿನ ಆಸ್ಪತ್ರೆಗೆ ಸೇರಿದಾಗ 31 ವರ್ಷ, 17 ವಾರದ ಬಸಿರು. ಗರ್ಭ ಉಳಿಯುವುದಿಲ್ಲ ಎಂದು ಡಾಕ್ಟರುಗಳಿಗೆ ಗೊತ್ತಿತ್ತು. ತೆಗೆದುಬಿಡಿ ಎಂದು ಸವಿತಾ ಕೇಳಿಕೊಂಡರು. ಭ್ರೂಣದ ಎದೆಬಡಿತ ಇನ್ನೂ ಇದೆ, ಆಗುವುದಿಲ್ಲ ಎಂಬ ಉತ್ತರ ಬಂತು. ಇದು ಕ್ಯಾಥೊಲಿಕ್ ದೇಶ ಎಂದು ಒಬ್ಬ ಸೂಲಗಿತ್ತಿ ನರ್ಸ್ ಹೇಳಿದ್ದು ನಿಜವೆಂದು ಆಮೇಲೆ ವಿಚಾರಣೆಯಲ್ಲಿ ಒಪ್ಪಿಕೊಂಡರು. ನಂಜು ಏರುತ್ತಿದ್ದುದನ್ನು ಸರಿಯಾಗಿ ಗಮನಿಸಲಿಲ್ಲ ಎನ್ನುವುದೂ ತನಿಖೆಯಲ್ಲಿ ಹೊರಬಂತು. ಅಕ್ಟೋಬರ್ 28ರಂದು ಅವರು ತೀರಿಕೊಂಡರು.

ಭಾರತದಲ್ಲಿ ಗರ್ಭಪಾತಕ್ಕೆ ಷರತ್ತಿನ ಮೇಲೆ ಅವಕಾಶ ಕೊಟ್ಟ ಕಾನೂನು 1971ರದು. ಬೆಳಗಾವಿಯಲ್ಲಿ ಕಾನೂನಿನ ಅಡ್ಡಿಯಿಲ್ಲದೆ ಆಗುತ್ತಿದ್ದ ಚಿಕಿತ್ಸೆ ಯುರೋಪಿನ ಒಂದು ಶ್ರೀಮಂತ ದೇಶದಲ್ಲಿ ಆಗಲಿಲ್ಲ. 'ಮುಂದುವರಿದ ಪಶ್ಚಿಮ' ಎಂಬ ಮಾತು ಬಂದಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಡಬ್ಲಿನ್ನಿನಲ್ಲಿ ಸಾವಿರಾರು ಜನ ಅವರ ಫೋಟೋ ಹಿಡಿದು ನಡೆದರು. 2013ರಲ್ಲಿ ತಾಯಿಯ ಜೀವ ಹೋಗುವಂತಿದ್ದರೆ ಮಾತ್ರ ಎಂಬ ಸಣ್ಣ ಕಾಯ್ದೆ ಬಂತು. ಆಗಲೂ ಇಂಗ್ಲೆಂಡಿನ ದಾರಿ ನಿಲ್ಲಲಿಲ್ಲ. ಗರ್ಭಪಾತಕ್ಕೆ ಅಲ್ಲಿಗೆ ಹೋಗುವವರು ಮೊದಲಿನಿಂದಲೂ ಇದ್ದರು. 2001ರ ಒಂದೇ ವರ್ಷ ಐರ್ಲೆಂಡಿನ ವಿಳಾಸ ಕೊಟ್ಟವರೇ 6,600ಕ್ಕೂ ಹೆಚ್ಚು. ಐರ್ಲೆಂಡ್ ತನ್ನ ಸಮಸ್ಯೆಯನ್ನು ವಿಮಾನ ಹತ್ತಿಸಿ ಕಳಿಸುತ್ತಿತ್ತು ಅಷ್ಟೇ.

ಆಮೇಲೆ ಐರ್ಲೆಂಡ್ ಮಾಡಿದ್ದು ನಾವು ಕಲಿಯಬಹುದಾದ ಕೆಲಸ. ಇಂಥ ವಿಷಯ ಮುಟ್ಟಲು ರಾಜಕಾರಣಿಗಳಿಗೆ ಹೆದರಿಕೆ. ಹಾಗಾಗಿ ಅದನ್ನು ಜನರ ಕೈಗೇ ಕೊಟ್ಟರು. ಎಲ್ಲ ವಯಸ್ಸಿನ, ಎಲ್ಲ ಕಡೆಯ 99 ಮಂದಿಯನ್ನು ಅಲ್ಲಲ್ಲಿಂದ ಆರಿಸಿ, ಒಬ್ಬ ನ್ಯಾಯಾಧೀಶೆಯ ಅಧ್ಯಕ್ಷತೆಯಲ್ಲಿ ವಾರಾಂತ್ಯಗಳಲ್ಲಿ ಕೂರಿಸಿದರು. ಡಾಕ್ಟರು, ವಕೀಲರು, ಪರ ವಿರೋಧದ ಸಂಘಟನೆಗಳು, ಗರ್ಭಪಾತ ಮಾಡಿಸಿಕೊಂಡವರು, ಬೇಡವೆಂದು ಬಿಟ್ಟವರು, ಎಲ್ಲರ ಮಾತನ್ನೂ ಅವರು ಕೇಳಿದರು. ಟಿವಿ ಕಿರುಚಾಟ ಇಲ್ಲ. ಕೊನೆಗೆ ಸರ್ಕಾರ ಅಂದುಕೊಂಡಿದ್ದಕ್ಕಿಂತ ಉದಾರ ಶಿಫಾರಸು ಬಂತು. ಇದಕ್ಕೆ ಮುಂಚೆ ಇಂಥದ್ದೇ ಇನ್ನೊಂದು ಸಭೆಯ ಶಿಫಾರಸಿನಿಂದ 2015ರ ಮೇ 22ರ ಮತದಾನ ನಡೆದಿತ್ತು. ಅದರಲ್ಲಿ ಸಲಿಂಗ ಮದುವೆಗೆ ಶೇ. 62 ಮಂದಿ ಹೌದು ಎಂದರು. ಜನರ ಓಟಿನಿಂದಲೇ ಇದನ್ನು ಒಪ್ಪಿದ ಮೊದಲ ದೇಶ ಅದು. ಎರಡು ವರ್ಷದ ಮೇಲೆ ಮುಂಬೈ ಮೂಲದ ಡಾಕ್ಟರ ಮಗ, ತಾನು ಸಲಿಂಗಿ ಎಂದು ಬಹಿರಂಗವಾಗಿ ಹೇಳಿದ್ದ ಲಿಯೋ ವರಾಡ್ಕರ್ ಪ್ರಧಾನಿಯೂ ಆದರು.

2018ರಲ್ಲಿ ಓಟು ಹಾಕಲೆಂದೇ ಹೊರದೇಶಗಳಿಂದ ಯುವಕ ಯುವತಿಯರು ವಿಮಾನ ಹತ್ತಿ ಬಂದರು. ಬೆಳಗಾವಿಯಿಂದ ಸವಿತಾ ಅವರ ತಂದೆ ತಿದ್ದುಪಡಿ ತೆಗೆಯಿರಿ ಎಂದು ಮನವಿ ಮಾಡಿದ್ದರು. ಮತ ಎಣಿಸಿದಾಗ ಡೊನೆಗಾಲ್ ಒಂದು ಬಿಟ್ಟು ಎಲ್ಲ ಕ್ಷೇತ್ರಗಳೂ ಹೌದು ಎಂದಿದ್ದವು. ಹೆಚ್ಚಿನವರು ಪ್ರಚಾರ ಶುರುವಾಗುವ ಮೊದಲೇ ತೀರ್ಮಾನಿಸಿಬಿಟ್ಟಿದ್ದರು ಎಂದು ಮತಗಟ್ಟೆ ಸಮೀಕ್ಷೆ ಹೇಳಿತು.

ಇದನ್ನೆಲ್ಲ ಓದಿ ಐರ್ಲೆಂಡ್ ಈಗ ನೇರ ಗೆರೆಯಲ್ಲಿ ಮುಂದೆ ಹೋಗುತ್ತಿದೆ ಅಂದುಕೊಂಡರೆ 2024ರ ಮಾರ್ಚ್ 8 ಅಡ್ಡ ಬರುತ್ತದೆ. ಮಹಿಳಾ ದಿನದಂದೇ ಎರಡು ಮತದಾನ. ಒಂದು, ಮದುವೆಯಾಗದೆ ಬಾಳುವವರನ್ನೂ ಕುಟುಂಬ ಎಂದು ಒಪ್ಪಲು. ಇನ್ನೊಂದು, ಹೆಣ್ಣು ಮತ್ತು ಮನೆಯ ಬಗ್ಗೆ 1937ರಲ್ಲಿ ಬರೆದ ಆ ಮಾತನ್ನು ತೆಗೆಯಲು. ಮೊದಲನೆಯದಕ್ಕೆ ಶೇ. 67.7, ಎರಡನೆಯದಕ್ಕೆ ಶೇ. 73.9 ಮಂದಿ ಬೇಡ ಎಂದರು. ಅವರೆಲ್ಲ ಹಳೇ ಕಾಲಕ್ಕೆ ವಾಪಸ್ ಹೊರಟವರಲ್ಲ. ಹೊಸ ಬರಹ ಗೊಂದಲದ್ದು ಎಂದು ಕೆಲವರು ಸಿಟ್ಟಾದರು. ಅಂಗವಿಕಲರು, ಅವರನ್ನು ನೋಡಿಕೊಳ್ಳುವವರು ಬೇರೆ ಕಾರಣಕ್ಕೆ ವಿರೋಧಿಸಿದರು: ಹಳೇ ಮಾತು ತೆಗೆದು ಅದರ ಜಾಗದಲ್ಲಿ, ಆರೈಕೆ ಮನೆಯವರದು, ಸರ್ಕಾರ ಬರೀ ಪ್ರಯತ್ನ ಪಡುತ್ತದೆ ಎಂದು ಬರೆದರೆ ನಮಗೇನು ಸಿಕ್ಕಿತು? ಸರ್ಕಾರದ ಹತ್ತಿರ ಇದಕ್ಕೆ ಸರಿಯಾದ ಉತ್ತರ ಇರಲಿಲ್ಲ. 1937ರ ಆ ಮಾತು ಸಂವಿಧಾನದಲ್ಲಿ ಹಾಗೇ ಉಳಿಯಿತು.